ಏರುದಾರಿಗೆ ಎಂಥ ಸೈಕಲ್? ಆನ್‌ಲೈನ್‌ನಲ್ಲಿ ಗೇರ್ ಸೈಕಲ್ ಕೊಳ್ಳುವ ಮುನ್ನ

(ಗ್ರಾಮಸ್ಥರ ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಈ ಬಳಗದ ಸಭೆಗಳಲ್ಲಿ ನಾನು ಇದುವರೆಗೆ ಅಡಿಕೆಯ ಕೊಳೆರೋಗ, ಸೊಪ್ಪಿನಬೆಟ್ಟದ ಮಣ್ಣು, ಇಂಗುಗುಂಡಿ ಮೊದಲಾದ ವಿಷಯಗಳನ್ನು ಕುರಿತು ಮಾತನಾಡಿದವನು. ಇಂದು ಸೈಕಲ್ಲಿನ ವಿಚಾರ ಎತ್ತಿಕೊಂಡಿರುವುದು ಕೆಲವರಿಗೆ ಸೋಜಿಗವೆನಿಸಬಹುದು. ಆದರೆ ಕಾಲೇಜು ಓದುತ್ತಿರುವ ಇಲ್ಲಿನ ಕೆಲವು ಮಿತ್ರರು, 'ಗೇರ್ ಸೈಕಲ್ಲನ್ನು ಆನ್‌ಲೈನ್‌ನಲ್ಲಿ ತರಿಸಬಹುದೇ, ತರಿಸಿದರೆ ನಮ್ಮ ದಾರಿಗೆ ಯಾವುದು ತಕ್ಕುದು' ಎಂದು ಕೇಳಿದ್ದಾರೆ. ಈ ಪ್ರಶ್ನೆ ಕೇವಲ ವ್ಯಾಪಾರಕ್ಕೆ ಸೇರಿದುದಲ್ಲ ಎಂಬುದು ನನ್ನ ತಿಳಿವಳಿಕೆ.

ಏಕೆಂದರೆ, ನಮ್ಮ ಕೇರಿಗಳಲ್ಲಿ ನಡೆಯುತ್ತಿರುವುದನ್ನು ತಾವೇ ನೋಡುತ್ತಿದ್ದೀರಿ. ಮನೆಯ ಹುಡುಗ ಮೊಬೈಲಿನಲ್ಲಿ ಚಿತ್ರ ನೋಡಿ, ಹಿರಿಯರನ್ನು ಒಪ್ಪಿಸಿ, ಹತ್ತು ಹದಿನೈದು ಸಾವಿರ ರೂಪಾಯಿ ತೆತ್ತು ಒಂದು ಸೈಕಲ್ಲನ್ನು ತರಿಸುತ್ತಾನೆ. ದಪ್ಪ ಟಯರು, ಬಣ್ಣದ ಚೌಕಟ್ಟು, ಮುಂದೆ ಹಿಂದೆ ಡಿಸ್ಕ್ ಬ್ರೇಕು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅದು ಕೊಟ್ಟಿಗೆಯ ಮೂಲೆ ಸೇರುತ್ತದೆ. ಆಗ ಮನೆಯಲ್ಲಿ ಒಂದು ತೀರ್ಮಾನವಾಗುತ್ತದೆ: 'ಘಟ್ಟದ ಮೇಲೆ ಸೈಕಲ್ ನಡೆಯುವುದಿಲ್ಲ.' ಈ ತೀರ್ಮಾನವೇ ನನಗೆ ಆತಂಕ ತರುವ ಸಂಗತಿ. ಹಾಳಾದುದು ಒಂದು ಸೈಕಲ್. ಶಿಕ್ಷೆಯಾದುದು ಸೈಕಲ್ಲೆಂಬ ಸಾಧನಕ್ಕೆ. ಮುಂದಿನ ಹೆಜ್ಜೆ ಸಾಲದ ಮೇಲೆ ಮೋಟಾರ್ ಬೈಕು. ಅದರ ಮುಂದಿನದು 'ದಾರಿ ಅಗಲ ಮಾಡಿಸಿ, ದರೆ ಕಡಿಸಿ' ಎಂಬ ಅರ್ಜಿ. ದರೆ ಕಡಿದ ಮೇಲೆ ಮಳೆಗಾಲದಲ್ಲಿ ಏನಾಗುತ್ತದೆ ಎಂಬುದನ್ನು ಈ ಸಭೆಗೆ ನಾನು ಹೇಳಬೇಕಾಗಿಲ್ಲ.

ಆದುದರಿಂದ ಇಂದಿನ ನನ್ನ ಮಾತಿನ ತಿರುಳು ಇಷ್ಟೇ: ಗುಡ್ಡದ ಊರಿನವರು ಸೈಕಲ್ಲನ್ನು ಆನ್‌ಲೈನ್‌ನಲ್ಲಿ ಧಾರಾಳವಾಗಿ ಕೊಳ್ಳಬಹುದು, ಆದರೆ ಆಯ್ಕೆಯನ್ನು ಮಾಡಬೇಕಾದುದು ನಮ್ಮ ಏರು, ನಮ್ಮ ಮಳೆ ಮತ್ತು ನಮ್ಮೂರ ಸೈಕಲ್ ಶಾಪಿನವನ ಕೈಚಳಕ. ಚಿತ್ರ ನೋಡಿ ಆಯ್ದರೆ ಕೊಟ್ಟಿಗೆಯೇ ಗತಿ.

ಈ ಯಂತ್ರ ಹುಟ್ಟಿದ ಬೆಟ್ಟ

ನಾವು ಗೇರ್ ಸೈಕಲ್ ಎನ್ನುವುದನ್ನು ಮಾರುವವರು ಮೌಂಟನ್ ಬೈಕ್ ಅಥವಾ ಎಂಟಿಬಿ ಎಂದು ಕರೆಯುತ್ತಾರೆ. ಅದು ಹುಟ್ಟಿದ ಬಗೆಯನ್ನು ತಿಳಿದರೆ ಅದರ ಗುಣದೋಷಗಳು ಅರ್ಥವಾಗುತ್ತವೆ.

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ, ಸಾನ್ ಫ್ರಾನ್ಸಿಸ್ಕೋ ನಗರದ ಉತ್ತರಕ್ಕೆ ಮರಿನ್ ಕೌಂಟಿ ಎಂಬ ಪ್ರದೇಶವಿದೆ. 1970ರ ದಶಕದಲ್ಲಿ ಅಲ್ಲಿಯ ಕೆಲವು ಯುವಕರು ದಪ್ಪ ಟಯರಿನ ಹಳೆಯ ಶ್ವಿನ್ ಸೈಕಲ್ಲುಗಳನ್ನು ಟಮಾಲ್ಪಾಯಿಸ್ ಬೆಟ್ಟದ ಸುತ್ತಲಿನ ಮಣ್ಣು ದಾರಿಗಳಲ್ಲಿ ಇಳಿಸುವ ಆಟಕ್ಕೆ ತೊಡಗಿದರು. 1976ರ ಅಕ್ಟೋಬರ್ 21ರಂದು ಅವರು ನಡೆಸಿದ ಇಳಿಜಾರು ಪಂದ್ಯಕ್ಕೆ 'ರೀಪ್ಯಾಕ್' ಎಂಬ ಹೆಸರು ಬಿತ್ತು. ಆ ಸೈಕಲ್ಲುಗಳ ಹಿಂದಿನ ಗಾಲಿಯ ಹಬ್ಬಿನೊಳಗೆ, ಪೆಡಲ್ಲನ್ನು ಹಿಂದಕ್ಕೆ ಒತ್ತಿದರೆ ಹಿಡಿಯುವ ಬ್ರೇಕು ಇರುತ್ತಿತ್ತು. ಒಂದು ಸಲ ಬೆಟ್ಟ ಇಳಿಯುವಷ್ಟರಲ್ಲಿ ಅದು ಕಾದು, ಒಳಗಿನ ಗ್ರೀಸೆಲ್ಲ ಹೊಗೆಯಾಗಿ ಹೋಗುತ್ತಿತ್ತು. ಮತ್ತೆ ಗ್ರೀಸ್ ತುಂಬಬೇಕಾಗುತ್ತಿತ್ತು. ಪಂದ್ಯದ ಹೆಸರು ಬಂದದ್ದು ಈ ಮರುತುಂಬುವಿಕೆಯಿಂದ. ಅದೇ ಗುಂಪಿನ ಜೋ ಬ್ರೀಝ್ 1977ರಲ್ಲಿ ಇಂತಹ ದಾರಿಗೆಂದೇ ಚೌಕಟ್ಟನ್ನು ಕಟ್ಟಿದರು. ಗ್ಯಾರಿ ಫಿಶರ್ ಮತ್ತು ಚಾರ್ಲಿ ಕೆಲ್ಲಿ 1979ರಲ್ಲಿ, ಟಾಮ್ ರಿಚೀ ಕಟ್ಟಿದ ಚೌಕಟ್ಟುಗಳನ್ನಿಟ್ಟುಕೊಂಡು ಸಣ್ಣದೊಂದು ಮಾರಾಟದ ಉದ್ಯಮವನ್ನು ಆರಂಭಿಸಿದರು. 1981ರಲ್ಲಿ ಸ್ಪೆಷಲೈಸ್ಡ್ ಸಂಸ್ಥೆಯ 'ಸ್ಟಂಪ್‌ಜಂಪರ್' ಕಾರ್ಖಾನೆಯಲ್ಲಿ ದೊಡ್ಡ ಸಂಖ್ಯೆಯಲ್ಲಿ ತಯಾರಾಗಿ ಬಂತು.

ಗಮನಿಸಿ: ಈ ಯಂತ್ರ ಹುಟ್ಟಿದ್ದು ಬೇಸಿಗೆಯುದ್ದಕ್ಕೂ ಒಣಗಿರುವ ಬೆಟ್ಟದಲ್ಲಿ, ಇಳಿಯುವ ಆಟಕ್ಕಾಗಿ. ನಮ್ಮದು ಹಾಲಿನ ಕ್ಯಾನು, ಪುಸ್ತಕದ ಚೀಲ, ಪಡಿತರದ ಗಂಟು ಹೊತ್ತು ದಿನವೂ ಏರಬೇಕಾದ ಬದುಕು. ಆಗುಂಬೆಯಂತಹ ಕಡೆ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಮಳೆ. ಆ ಆಟದ ಯಂತ್ರದಿಂದ ನಮಗೆ ಬೇಕಾದುದನ್ನು ಆರಿಸಿಕೊಂಡು, ಬೇಡವಾದುದನ್ನು ಬಿಡುವ ವಿವೇಕ ನಮ್ಮದಾಗಬೇಕು.

ಹಲ್ಲುಗಳ ಲೆಕ್ಕ

ಬೇಕಾದುದರಲ್ಲಿ ಮೊದಲನೆಯದು ಗೇರು. ವಿದ್ಯಾರ್ಥಿಗಳು ಈ ಲೆಕ್ಕವನ್ನು ಬರೆದುಕೊಳ್ಳಬಹುದು.

ನಮ್ಮ ಹಳೆಯ ಕಪ್ಪು ಸೈಕಲ್ಲಿನಲ್ಲಿ ಪೆಡಲ್ಲಿನ ಬಳಿಯ ಹಲ್ಲುಚಕ್ರಕ್ಕೆ 44 ಹಲ್ಲು, ಹಿಂದಿನ ಫ್ರೀವೀಲಿಗೆ 18 ಹಲ್ಲು ಎಂದಿಟ್ಟುಕೊಳ್ಳೋಣ. 28 ಇಂಚಿನ ಗಾಲಿ ಒಂದು ಸುತ್ತಿಗೆ ಸುಮಾರು 2.2 ಮೀಟರ್ ಉರುಳುತ್ತದೆ. ಅಂದರೆ ಪೆಡಲ್ಲನ್ನು ಒಂದು ಸುತ್ತು ತುಳಿದರೆ ಸೈಕಲ್ 5.4 ಮೀಟರ್ ಮುಂದೆ ಹೋಗಲೇಬೇಕು, ಬೇರೆ ದಾರಿಯಿಲ್ಲ. ಗೇರ್ ಸೈಕಲ್ಲಿನಲ್ಲಿ ಮುಂದೆ 24 ಹಲ್ಲಿನ ಸಣ್ಣ ಚಕ್ರ, ಹಿಂದೆ 28 ಹಲ್ಲಿನ ದೊಡ್ಡ ಚಕ್ರಕ್ಕೆ ಚೈನು ಬಿದ್ದಾಗ, 26 ಇಂಚಿನ ಗಾಲಿಯಾದರೆ ಒಂದು ತುಳಿತಕ್ಕೆ 1.8 ಮೀಟರ್ ಮಾತ್ರ ಮುಂದೆ ಹೋಗುತ್ತದೆ.

ಈಗ ಏರು ಲೆಕ್ಕಕ್ಕೆ ಬರಲಿ. ಹತ್ತು ಮೀಟರ್ ಮುಂದೆ ಹೋದರೆ ಒಂದು ಮೀಟರ್ ಮೇಲೇರುವ ದಾರಿ, ಅಂದರೆ ಶೇಕಡಾ 10ರ ಏರು. ವಿದ್ಯಾರ್ಥಿಯ ತೂಕ 55 ಕಿಲೋ, ಚೀಲ ಮತ್ತು ಹಾಲಿನ ಕ್ಯಾನು 7 ಕಿಲೋ, ಸೈಕಲ್ 18 ಕಿಲೋ. ಒಟ್ಟು 80 ಕಿಲೋ. ಈ ಏರಿನಲ್ಲಿ ಸೈಕಲ್ಲನ್ನು ಹಿಂದಕ್ಕೆಳೆಯುವ ಭಾರ ಸುಮಾರು 8 ಕಿಲೋ. ಪೆಡಲ್ಲಿನ ಕೈ 17 ಸೆಂಟಿಮೀಟರ್ ಉದ್ದವಿದ್ದರೆ ಪಾದ ಒಂದು ಸುತ್ತಿಗೆ ಕ್ರಮಿಸುವುದು 1.07 ಮೀಟರ್. ಗುಣಿಸಿ ಭಾಗಿಸಿದರೆ, ಗೇರಿಲ್ಲದ ಸೈಕಲ್ಲಿನ ಪೆಡಲ್ಲಿನ ಮೇಲೆ ಸುತ್ತಿನುದ್ದಕ್ಕೂ ಸರಾಸರಿ 40 ಕಿಲೋ ಒತ್ತಡ ಬೇಕು. ಕಾಲಿನ ಭಾರ ಬೀಳುವುದು ಪೆಡಲ್ ಕೆಳಗಿಳಿಯುವಾಗ ಮಾತ್ರವಾದುದರಿಂದ ನಿಜಕ್ಕೂ ಬೇಕಾಗುವುದು 60 ಕಿಲೋಗೂ ಮಿಕ್ಕು. 55 ಕಿಲೋ ತೂಕದ ಹುಡುಗಿ ಎದ್ದು ನಿಂತು ಮೈಭಾರವನ್ನೆಲ್ಲ ಪೆಡಲ್ಲಿಗೆ ಹಾಕಿದರೂ, ಹ್ಯಾಂಡಲ್ಲನ್ನು ಜಗ್ಗಿ ಹಿಡಿಯದ ಹೊರತು ಸೈಕಲ್ ಮೇಲೇರದು. ಅದೇ ಏರಿನಲ್ಲಿ ಆ ಸಣ್ಣ ಗೇರು ಕೇಳುವುದು ಸರಾಸರಿ 13 ರಿಂದ 14 ಕಿಲೋ.

2006-07ರಲ್ಲಿ ಕರ್ನಾಟಕ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ವಿತರಿಸುವ ಯೋಜನೆಯನ್ನು ಆರಂಭಿಸಿತು. ಬಯಲುಸೀಮೆಯ ಮಕ್ಕಳಿಗೆ ಅದರಿಂದ ದೊಡ್ಡ ಉಪಕಾರವಾಯಿತು. ನಮ್ಮ ಕಡೆಯ ಮಕ್ಕಳು ಅದೇ ಗೇರಿಲ್ಲದ ಸೈಕಲ್ಲನ್ನು ಏರುದಾರಿಯಲ್ಲಿ ತಳ್ಳಿಕೊಂಡು ಹೋಗುವುದನ್ನು ನಾವೆಲ್ಲ ಕಂಡಿದ್ದೇವೆ. ಮಕ್ಕಳಲ್ಲಿ ತ್ರಾಣವಿಲ್ಲವೆಂದು ಅದರ ಅರ್ಥವಲ್ಲ. ಈಗ ಹೇಳಿದ ಲೆಕ್ಕವೇ ಅವರ ವಿರುದ್ಧವಾಗಿತ್ತು.

ಗೇರು ಕೆಲಸವನ್ನು ಕಡಿಮೆ ಮಾಡುತ್ತದೆ ಎಂದು ಯಾರೂ ತಿಳಿಯಬಾರದು. ನೂರು ಮೀಟರ್ ಎತ್ತರ ಏರಲು, ಅಂದರೆ ಈ ದಾರಿಯಲ್ಲಿ ಒಂದು ಕಿಲೋಮೀಟರ್ ಹೋಗಲು, ಕಪ್ಪು ಸೈಕಲ್ಲಿಗೆ 185 ತುಳಿತ ಸಾಕು, ಗೇರ್ ಸೈಕಲ್ಲಿಗೆ 555 ಬೇಕು. ದೊಡ್ಡದೊಂದು ಮೂಟೆಯನ್ನು ಒಮ್ಮೆಗೇ ಹೊರಲಾಗದೆ ಮೂರು ಪಾಲು ಮಾಡಿ ಮೂರು ಸಲ ಹೊರುವಂತೆ ಇದು. ನಿಮಿಷಕ್ಕೆ ಐವತ್ತು ಸುತ್ತು ತುಳಿದರೆ ಗಂಟೆಗೆ 5.4 ಕಿಲೋಮೀಟರ್ ವೇಗ. ಹೆಚ್ಚು ಕಡಿಮೆ ನಡಿಗೆಯ ವೇಗವೇ. ಆದರೆ ಹೊರೆ ಹೆಗಲ ಮೇಲಿಲ್ಲ. ಏರು ಮುಗಿದೊಡನೆ ವೇಗ ನಮ್ಮದು.

ಇಲ್ಲಿಗೆ ಆನ್‌ಲೈನ್‌ ಖರೀದಿಯ ಮೊದಲ ಪಾಠ ಬಂತು. ಮಾರಾಟದ ಪುಟದಲ್ಲಿ '21 ಸ್ಪೀಡ್' ಎಂದು ದೊಡ್ಡದಾಗಿ ಬರೆದಿರುತ್ತದೆ. ಮುಂದೆ ಮೂರು, ಹಿಂದೆ ಏಳು, ಗುಣಿಸಿದರೆ ಇಪ್ಪತ್ತೊಂದು. ಅಷ್ಟೇ ಅದರ ಅರ್ಥ. ಏರನ್ನು ಏರಿಸುವುದು ಗೇರಿನ ಎಣಿಕೆಯಲ್ಲ, ಅತಿ ಸಣ್ಣ ಗೇರಿನ ಹಲ್ಲುಗಳು. ಮುಂದಿನ ಅತಿ ಸಣ್ಣ ಚಕ್ರಕ್ಕೆ ಎಷ್ಟು ಹಲ್ಲು, ಹಿಂದಿನ ಅತಿ ದೊಡ್ಡ ಚಕ್ರಕ್ಕೆ ಎಷ್ಟು ಹಲ್ಲು ಎಂಬ ಎರಡು ಸಂಖ್ಯೆಗಳನ್ನು ಪತ್ತೆ ಮಾಡಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದಾಗ ಒಂದಕ್ಕಿಂತ ಕಡಿಮೆ ಬರಬೇಕು. 24ಕ್ಕೆ 28 ಎಂದರೆ 0.86, ಹಿಂದೆ 34 ಹಲ್ಲಿನ ಫ್ರೀವೀಲ್ ಇದ್ದರೆ 0.71, ಕಡಿದಾದ ದಾರಿಗೆ ಇದು ಇನ್ನೂ ಲೇಸು. ಹೊಸ ಮಾದರಿಯ ದುಬಾರಿ ಸೈಕಲ್ಲುಗಳಲ್ಲಿ ಮುಂದೆ ಒಂದೇ ಚಕ್ರವಿರುತ್ತದೆ. ಮುಂದೆ 32, ಹಿಂದೆ 51 ಇದ್ದರೆ ಭಾಗಲಬ್ಧ 0.63. ಗೇರಿನ ಎಣಿಕೆ ಹನ್ನೆರಡಕ್ಕೆ ಇಳಿದರೂ ಏರುವ ಶಕ್ತಿ ಹೆಚ್ಚಾದುದನ್ನು ಇದು ತೋರಿಸುತ್ತದೆ. ಪುಟದಲ್ಲಿ ಹಲ್ಲಿನ ಸಂಖ್ಯೆ ಇಲ್ಲದಿದ್ದರೆ ಮಾರಾಟಗಾರರನ್ನು ಕೇಳಿ. ಉತ್ತರ ಬಾರದಿದ್ದರೆ ಮುಂದಿನ ಮಾದರಿಯತ್ತ ಹೋಗಿ. ಇನ್ನೊಂದು ಎಚ್ಚರ: ಮೌಂಟನ್ ಬೈಕಿನ ರೂಪವಷ್ಟೇ ಇದ್ದು ಗೇರೇ ಇಲ್ಲದ 'ಸಿಂಗಲ್ ಸ್ಪೀಡ್' ಸೈಕಲ್ಲುಗಳೂ ಅದೇ ಸಾಲಿನಲ್ಲಿ, ಅದೇ ಠೀವಿಯಲ್ಲಿ ಮಾರಾಟಕ್ಕಿರುತ್ತವೆ.

ನಮ್ಮ ದಾರಿಯನ್ನು ಅಳೆಯೋಣ

ಯಾವ ಗೇರು ಬೇಕೆಂದು ತಿಳಿಯಲು ನಮ್ಮ ಏರು ಎಷ್ಟೆಂದು ತಿಳಿಯಬೇಕು. ಗುಡ್ಡಗಾಡಿನ ಮುಖ್ಯರಸ್ತೆಗಳಿಗೆ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿ ಸಾಮಾನ್ಯವಾಗಿ ಶೇಕಡಾ 5-6ರ ಏರನ್ನು, ಅನಿವಾರ್ಯವಾದಲ್ಲಿ ಶೇಕಡಾ 7-8ರವರೆಗೆ ಒಪ್ಪುತ್ತದೆ. ಬಸ್ಸು ಓಡುವ ಘಟ್ಟದ ರಸ್ತೆ ಉದ್ದವಾಗಿರಬಹುದು, ಆದರೆ ಅಷ್ಟೇನೂ ಕಡಿದಾಗಿರದು. ನಿಜವಾದ ಪರೀಕ್ಷೆ ರಸ್ತೆಯಿಂದ ನಮ್ಮ ಅಂಗಳದವರೆಗಿನ ದಾರಿಯಲ್ಲಿದೆ. ಅದಕ್ಕೆ ಯಾವ ಮಾರ್ಗಸೂಚಿಯೂ ಇಲ್ಲ.

ಅಳೆಯುವುದು ಸುಲಭ. ಗಾರೆ ಕೆಲಸದವರು ಮಟ್ಟ ನೋಡಲು ನೀರು ತುಂಬಿದ ಪಾರದರ್ಶಕ ಪೈಪನ್ನು ಬಳಸುವುದನ್ನು ತಾವು ಬಲ್ಲಿರಿ; ಸಮಪಾತಳಿ ಬದು ಗುರುತಿಸಲು ನಾವೂ ಅದನ್ನೇ ಬಳಸುತ್ತೇವೆ. ದಾರಿಯ ಮೇಲೆ ಹತ್ತು ಮೀಟರ್ ದೂರದಲ್ಲಿ ಎರಡು ಕೋಲು ನಿಲ್ಲಿಸಿ, ಪೈಪಿನ ನೀರಿನ ಮಟ್ಟದಿಂದ ಎರಡೂ ಕಡೆ ನೆಲಕ್ಕಿರುವ ಅಂತರ ಅಳೆಯಿರಿ. ವ್ಯತ್ಯಾಸ 70 ಸೆಂಟಿಮೀಟರಾದರೆ ಏರು ಶೇಕಡಾ 7. ಒಂದೂವರೆ ಮೀಟರಾದರೆ ಶೇಕಡಾ 15. ಶೇಕಡಾ 15ಕ್ಕೆ ಮೇಲ್ಪಟ್ಟ ಕಡೆ ಇಳಿದು ತಳ್ಳುವುದೇ ವಿವೇಕ. ಅಂತಹ ನೂರು ಮಾರು ದಾರಿಗಾಗಿ ಸೈಕಲ್ಲೇ ಬೇಡವೆನ್ನುವುದು ವಿವೇಕವಲ್ಲ. ಶಾಲೆಯ ಪರಿಸರ ಸಂಘದ ಮಕ್ಕಳು ಒಂದು ಶನಿವಾರದಲ್ಲಿ ಊರಿನ ದಾರಿಗಳನ್ನೆಲ್ಲ ಹೀಗೆ ಅಳೆದು ನಕ್ಷೆ ಮಾಡಬಹುದು.

ಇಳಿಜಾರು ಮತ್ತು ಮಳೆ

ಏರಿದುದೆಲ್ಲ ಇಳಿಯಲೇಬೇಕು. 80 ಕಿಲೋ ಭಾರ 200 ಮೀಟರ್ ಎತ್ತರದಿಂದ ಇಳಿದು ಬುಡದಲ್ಲಿ ನಿಂತಾಗ, ಗಾಳಿ ಹಾಗೂ ಟಯರಿನ ತಡೆಯನ್ನು ಬಿಟ್ಟರೆ, ಸುಮಾರು 157 ಕಿಲೋಜೂಲ್ ಶಕ್ತಿಯನ್ನು ಬ್ರೇಕು ಬಿಸಿಯಾಗಿ ಹೊರಹಾಕಬೇಕು. ಅರ್ಧ ಲೀಟರ್ ತಣ್ಣೀರನ್ನು ಕುದಿಯುವವರೆಗೆ ಕಾಯಿಸಲು ಬೇಕಾಗುವಷ್ಟೇ ಶಾಖವಿದು. ರೀಪ್ಯಾಕ್ ಪಂದ್ಯದಲ್ಲಿ ಗ್ರೀಸು ಹೊಗೆಯಾದುದು ಏಕೆಂದು ಈಗ ತಿಳಿಯಿತಲ್ಲವೇ?

ರಿಮ್ಮನ್ನು ಹಿಡಿಯುವ ರಬ್ಬರ್ ಬ್ರೇಕು ಅಗ್ಗ, ಬದಲಾಯಿಸಲು ಸುಲಭ. ಆದರೆ ಮಳೆಯಲ್ಲಿ ರಿಮ್ಮಿನ ಮೇಲಿನ ನೀರನ್ನು ಒರೆಸಿದ ಮೇಲೆಯೇ ಅದು ಹಿಡಿಯುವುದು. ನಮ್ಮ ಕೆಮ್ಮಣ್ಣಿನ ರಾಡಿ ಮೆತ್ತಿದಾಗ ಉಪ್ಪುಕಾಗದದಂತೆ ರಿಮ್ಮನ್ನೂ ರಬ್ಬರನ್ನೂ ಸವೆಸುತ್ತದೆ. ಡಿಸ್ಕ್ ಬ್ರೇಕು ಗಾಲಿಯ ನಡುವಿನಲ್ಲಿ, ಕೆಸರಿನಿಂದ ಮೇಲೆ ಇರುವುದರಿಂದ ಮಳೆಗಾಲಕ್ಕೆ ಹೆಚ್ಚು ನಂಬಿಕಸ್ತ. ಅದರಲ್ಲಿಯೂ ಎರಡು ಬಗೆ: ತಂತಿಯಿಂದ ಎಳೆಯುವುದು ಮತ್ತು ಎಣ್ಣೆಯ ಒತ್ತಡದಿಂದ ನಡೆಯುವುದು. ಎಣ್ಣೆಯದು ಹಿಡಿತದಲ್ಲಿ ಮೇಲು. ಆದರೆ ಕೆಟ್ಟರೆ ಅದನ್ನು ಸರಿಪಡಿಸುವ ಸಲಕರಣೆ ಹಳ್ಳಿಯ ಶಾಪಿನಲ್ಲಿ ಇರುವುದು ವಿರಳ. ಪಟ್ಟಣ ದೂರವಿರುವವರಿಗೆ ತಂತಿಯ ಡಿಸ್ಕ್ ಬ್ರೇಕೇ ತಕ್ಕುದು. ಇಳಿಯುವಾಗ ಬ್ರೇಕನ್ನು ಸತತವಾಗಿ ಹಿಡಿದಿರದೆ, ಹಿಡಿದು ಬಿಟ್ಟು, ಹಿಡಿದು ಬಿಟ್ಟು ಇಳಿಯುವುದನ್ನು ಮಕ್ಕಳಿಗೆ ಹಿರಿಯರು ಕಲಿಸಬೇಕು.

ಇನ್ನು ಸ್ಪ್ರಿಂಗಿನ ಆಕರ್ಷಣೆ. ಹಿಂದೆ ಮುಂದೆ ಎರಡೂ ಕಡೆ ಸಸ್ಪೆನ್ಷನ್ ಇರುವ ಅಗ್ಗದ ಸೈಕಲ್ಲು ಚಿತ್ರದಲ್ಲಿ ಬಲು ಚೆಂದ. ವಾಸ್ತವದಲ್ಲಿ ಹಿಂದಿನ ಸ್ಪ್ರಿಂಗು ನಾವು ತುಳಿಯುವ ಬಲದ ಒಂದು ಪಾಲನ್ನು ತಾನೇ ಕುಗ್ಗಿ ನುಂಗುತ್ತದೆ; ತೂಕ ಹೆಚ್ಚಿಸುತ್ತದೆ; ಅದರ ಕೀಲುಗಳು ರಾಡಿ ನೀರಿಗೆ ಬೇಗ ಸಡಿಲಾಗುತ್ತವೆ. ದಿನಬಳಕೆಗೆ ಹಿಂದೆ ಸ್ಪ್ರಿಂಗಿಲ್ಲದ ಗಟ್ಟಿ ಚೌಕಟ್ಟೇ ಲೇಸು. ಮುಂದಿನ ಸ್ಪ್ರಿಂಗೂ ಇಲ್ಲದೆ, ಎರಡಿಂಚು ಅಗಲದ ಟಯರಿದ್ದರೆ ಕಲ್ಲುದಾರಿಗೆ ಧಾರಾಳವಾಯಿತು. ನಾಲ್ಕಿಂಚಿನ 'ಫ್ಯಾಟ್' ಟಯರು ಮರಳಿಗೆ, ಹಿಮಕ್ಕೆ ಹೇಳಿಸಿದ್ದು. ಏರಿನಲ್ಲಿ ಅದು ಸುಮ್ಮನೆ ಹೊರೆ.

ಚಿತ್ರದಲ್ಲಿ ಇಲ್ಲದುದನ್ನೂ ನೋಡಲು ಕಲಿಯಬೇಕು. ಬಹುತೇಕ ಮೌಂಟನ್ ಬೈಕುಗಳಿಗೆ ಪೂರ್ಣ ಮಡ್‌ಗಾರ್ಡು, ಕ್ಯಾರಿಯರು, ದೀಪ ಇರುವುದಿಲ್ಲ. ಆಟಕ್ಕೆ ಅವು ಬೇಡ. ಮಳೆಯಲ್ಲಿ ಸಮವಸ್ತ್ರ ತೊಟ್ಟು ಶಾಲೆಗೆ ಹೋಗುವವರಿಗೆ, ಡೈರಿಗೆ ಹಾಲು ಒಯ್ಯುವವರಿಗೆ ಬೇಕೇಬೇಕು. ಹಿಂದಿನ ಅಚ್ಚಿನ ಬಳಿ, ಸೀಟಿನ ಕೆಳಗೆ ಅವನ್ನು ಬಿಗಿಯಲು ತೂತುಗಳಿವೆಯೇ, ಡಿಸ್ಕ್ ಬ್ರೇಕು ಕ್ಯಾರಿಯರಿನ ಕಾಲಿಗೆ ಅಡ್ಡ ಬರುತ್ತದೆಯೇ ಎಂಬುದನ್ನು ಚಿತ್ರ ಹಿಗ್ಗಿಸಿ ನೋಡಿ. ಇವುಗಳ ಬೆಲೆಯನ್ನು ಸೈಕಲ್ಲಿನ ಬೆಲೆಗೆ ಮೊದಲೇ ಸೇರಿಸಿ ಲೆಕ್ಕ ಹಾಕಿ.

ಮೈಗೆ ತಕ್ಕ ಅಳತೆ

ಅಂಗಡಿಯಲ್ಲಾದರೆ ಹತ್ತಿ ನೋಡಬಹುದು. ಆನ್‌ಲೈನ್‌ನಲ್ಲಿ ಅಳತೆಯೇ ಗತಿ. ಇಲ್ಲಿ ಹೆಚ್ಚಿನವರು ಎಡವುವುದು ಗಾಲಿಯ ಅಳತೆಯನ್ನು ಮನುಷ್ಯನ ಅಳತೆ ಎಂದು ತಿಳಿಯುವುದರಲ್ಲಿ. 26, 27.5, 29 ಇಂಚು ಎನ್ನುವುದು ಗಾಲಿಯದು. ಮೈಗೆ ಹೊಂದಬೇಕಾದುದು ಚೌಕಟ್ಟಿನ ಅಳತೆ.

ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತು, ದಪ್ಪ ಪುಸ್ತಕವೊಂದನ್ನು ತೊಡೆಗಳ ನಡುವೆ ಸೀಟಿನಂತೆ ಮೇಲಕ್ಕೊತ್ತಿ, ಪುಸ್ತಕದ ಮೇಲಂಚಿನಿಂದ ನೆಲಕ್ಕೆ ಎಷ್ಟು ಸೆಂಟಿಮೀಟರೆಂದು ಅಳೆಯಿರಿ. ಅದನ್ನು 0.225ರಿಂದ ಗುಣಿಸಿದರೆ ಚೌಕಟ್ಟಿನ ಅಳತೆ ಸ್ಥೂಲವಾಗಿ ಇಂಚಿನಲ್ಲಿ ಸಿಗುತ್ತದೆ. ಕಾಲಿನ ಅಳತೆ 75 ಸೆಂಟಿಮೀಟರಾದರೆ ಸುಮಾರು 17 ಇಂಚು. 70 ಆದರೆ 16ಕ್ಕಿಂತ ತುಸು ಕಡಿಮೆ. ಅನೇಕ ಅಗ್ಗದ ಮಾದರಿಗಳು ಒಂದೇ ಅಳತೆಯ ಚೌಕಟ್ಟಿನಲ್ಲಿ ಬರುತ್ತವೆ. ಎತ್ತರ ಕಡಿಮೆಯಿರುವ ಹುಡುಗಿಯರಿಗೆ ಅವು ಅಪಾಯಕಾರಿ. ಇಳಿಜಾರಿನಲ್ಲಿ ತಟ್ಟನೆ ನಿಲ್ಲಬೇಕಾದಾಗ ಎರಡೂ ಪಾದ ನೆಲಕ್ಕೆ ತಾಗಿ, ಚೌಕಟ್ಟಿನ ಮೇಲಿನ ಕೊಳವೆಗೂ ಮೈಗೂ ಎರಡಿಂಚಾದರೂ ಬಿಡುವಿರಬೇಕು. 'ಬೆಳೆಯುವ ಮಗು, ದೊಡ್ಡದೇ ಇರಲಿ' ಎಂಬ ಅಂಗಿಯ ನ್ಯಾಯವನ್ನು ಸೈಕಲ್ಲಿಗೆ ಅನ್ವಯಿಸಬೇಡಿ.

ಪೆಟ್ಟಿಗೆ ಬಂದ ದಿನ

ಆನ್‌ಲೈನ್‌ನಲ್ಲಿ ಕೊಂಡ ಸೈಕಲ್ ಪೂರ್ಣವಾಗಿ ಜೋಡಿಸಿ ಬರುವುದಿಲ್ಲ. ಹ್ಯಾಂಡಲ್, ಮುಂದಿನ ಗಾಲಿ, ಸೀಟು, ಪೆಡಲ್ಲುಗಳು ಬಿಡಿಯಾಗಿರುತ್ತವೆ. ಪೆಟ್ಟಿಗೆ ಒಡೆಯುವುದನ್ನು ಮೊದಲಿಂದ ಕೊನೆಯವರೆಗೆ ಮೊಬೈಲಿನಲ್ಲಿ ಚಿತ್ರೀಕರಿಸಿಕೊಳ್ಳಿ. ಬಿಲ್ಲನ್ನೂ, ಮಾರಾಟದ ಪುಟದ ಚಿತ್ರವನ್ನೂ ಉಳಿಸಿಕೊಳ್ಳಿ. ನಮ್ಮ ಪಕ್ಕದ ಕೇರಿಯ ಮನೆಯೊಂದಕ್ಕೆ ಬಂದ ಪೆಟ್ಟಿಗೆಯಲ್ಲಿ ಡಿಸ್ಕ್ ಬಾಗಿತ್ತು. ಚಿತ್ರೀಕರಣ ಇದ್ದುದರಿಂದಲೇ ಬದಲಿ ಭಾಗ ಬಂತು.

ಜೋಡಣೆಯಲ್ಲಿ ನಾಲ್ಕು ಅಂಶಗಳು ಮುಖ್ಯ. ಮುಂದಿನ ಫೋರ್ಕ್ ಹಿಂದುಮುಂದಾಗಬಾರದು. ಎಡ ಪೆಡಲ್ಲಿನ ಮರೆ ವಿರುದ್ಧ ದಿಕ್ಕಿನದು. ಬಲವಂತವಾಗಿ ಎಂದಿನಂತೆ ತಿರುಗಿಸಿದರೆ ಪೆಡಲ್ಲಿನ ಕೈಯೇ ಹಾಳು. ಹಿಂದಿನ ಗೇರು ಬದಲಿಸುವ ಸಾಧನದಲ್ಲಿ ಮಿತಿ ಹಾಕುವ ಎರಡು ಸಣ್ಣ ಸ್ಕ್ರೂಗಳಿವೆ. ಅವು ಸರಿಯಿಲ್ಲದಿದ್ದರೆ ಏರಿನ ನಡುವೆ ಚೈನು ಫ್ರೀವೀಲ್ ದಾಟಿ ಕಡ್ಡಿಗಳ ಮೇಲೆ ಬೀಳುತ್ತದೆ. ಎರಡೂ ಬ್ರೇಕುಗಳನ್ನು ಸಮತಟ್ಟು ಅಂಗಳದಲ್ಲಿ ಪರೀಕ್ಷಿಸದೆ ಇಳಿಜಾರಿಗೆ ಹೋಗಬಾರದು.

ಈ ಕೆಲಸವನ್ನು ಊರಿನ ಅಥವಾ ಹೋಬಳಿಯ ಸೈಕಲ್ ಶಾಪಿನವರಿಂದ ಮಾಡಿಸಿ, ತಕ್ಕ ಮಜೂರಿ ಕೊಡಿ. ಇದು ದಾನವಲ್ಲ, ನಮ್ಮದೇ ಸ್ವಾರ್ಥ. ಸೈಕಲ್ಲನ್ನು ಎಲ್ಲಿಂದಲೋ ತರಿಸಬಹುದು; ಪಂಕ್ಚರು ತೇಪೆಯನ್ನು ಎಲ್ಲಿಂದಲೂ ತರಿಸಲಾಗದು. ಆರ್ಡರ್ ಮಾಡುವ ಮುನ್ನವೇ ಮಾದರಿಯ ವಿವರವನ್ನು ಅವರಿಗೆ ತೋರಿಸಿ, 'ಈ ಅಳತೆಯ ಟ್ಯೂಬು, ಈ ಬ್ರೇಕಿನ ಪ್ಯಾಡು, ಈ ಫ್ರೀವೀಲು ತಮ್ಮಲ್ಲಿ ಸಿಗುತ್ತದೆಯೇ' ಎಂದು ಕೇಳಿ. 26 ಇಂಚಿನ ಟ್ಯೂಬು ಹಳ್ಳಿಯಲ್ಲಿ ಸಿಗುವಷ್ಟು ಸುಲಭವಾಗಿ 29 ಇಂಚಿನದು ಸಿಗುವುದಿಲ್ಲ. ಅವರು ತಮ್ಮಲ್ಲೇ ಅಂತಹ ಸೈಕಲ್ಲು ತರಿಸಿಕೊಡುವುದಾಗಿ ಹೇಳಿದರೆ, ಬೆಲೆ ತುಸು ಹೆಚ್ಚಾದರೂ ಅದನ್ನು ಗಂಭೀರವಾಗಿ ಪರಿಶೀಲಿಸಿ. ಹತ್ತಿ ನೋಡಿ ಕೊಳ್ಳುವ ಅನುಕೂಲಕ್ಕೂ ಒಂದು ಬೆಲೆಯುಂಟು.

ಕಾಯ್ದೆಯ ಆಸರೆ

ಹಳ್ಳಿಯಲ್ಲಿದ್ದೇವೆಂದು ಮೋಸವನ್ನು ನುಂಗಿಕೊಳ್ಳಬೇಕಾಗಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಹಾಗೂ ಅದರಡಿ 2020ರ ಜುಲೈನಲ್ಲಿ ಬಂದ ಇ-ವಾಣಿಜ್ಯ ನಿಯಮಗಳು ಆನ್‌ಲೈನ್‌ ಖರೀದಿಗೂ ಅನ್ವಯಿಸುತ್ತವೆ. ಮಾರಾಟಗಾರರ ಹೆಸರು, ವಿಳಾಸ, ವಸ್ತು ತಯಾರಾದ ದೇಶ, ಹಿಂದಿರುಗಿಸುವ ಷರತ್ತುಗಳನ್ನು ಗ್ರಾಹಕನಿಗೆ ತಿಳಿಸಬೇಕು. ವಸ್ತು ದೋಷಯುಕ್ತವಾಗಿದ್ದರೆ, ಜಾಹೀರಾತಿನಲ್ಲಿ ಹೇಳಿದ ಲಕ್ಷಣ ಇಲ್ಲದಿದ್ದರೆ ಹಿಂದಕ್ಕೆ ಪಡೆಯಲು ನಿರಾಕರಿಸುವಂತಿಲ್ಲ. ದೂರು ತಲುಪಿದುದನ್ನು 48 ಗಂಟೆಗಳೊಳಗೆ ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು. ಅಲ್ಲಿ ನ್ಯಾಯ ಸಿಗದಿದ್ದರೆ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಿದೆ. ನಾವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು. ಐದು ಲಕ್ಷ ರೂಪಾಯಿವರೆಗಿನ ಖರೀದಿಯ ದೂರಿಗೆ ಶುಲ್ಕವಿಲ್ಲ. '21 ಗೇರು' ಎಂದು ಹೇಳಿ ಏಳು ಕಳಿಸಿದರೆ ಅದು ಹಣೆಬರಹವಲ್ಲ, ವ್ಯಾಜ್ಯಕ್ಕೆ ಯೋಗ್ಯವಾದ ವಿಷಯ.

ಹುಲ್ಲುಗುಡ್ಡದ ಮೇಲಿನ ಜಾಡು

ಕೊನೆಯದಾಗಿ, ವಿದ್ಯಾರ್ಥಿ ಮಿತ್ರರಿಗೆ ಮಣ್ಣಿನವನಾಗಿ ಒಂದು ಮಾತು. ಜಾಹೀರಾತುಗಳಲ್ಲಿ ಸವಾರನು ಬೋಳುಗುಡ್ಡದ ಮೇಲಿಂದ ಧೂಳೆಬ್ಬಿಸುತ್ತ ನೇರವಾಗಿ ಇಳಿಯುತ್ತಿರುತ್ತಾನೆ. ನಮ್ಮ ಘಟ್ಟದ ನೆತ್ತಿಯ ಹುಲ್ಲುಗಾವಲಿನಲ್ಲಿ ಮೇಲ್ಮಣ್ಣು ತೆಳು. ಅದನ್ನು ಹಿಡಿದಿಟ್ಟಿರುವುದು ಹುಲ್ಲಿನ ಬೇರು. ಹಲ್ಲುಟಯರು ಒಂದೇ ಜಾಡಿನಲ್ಲಿ ಹತ್ತಾರು ಬಾರಿ ಇಳಿದರೆ ಬೇರು ಕಿತ್ತು ಸಣ್ಣ ಗೀರಾಗುತ್ತದೆ. ಮಳೆಯ ನೀರು ಇಳಿಜಾರಿನ ಆ ಗೀರನ್ನೇ ಕಾಲುವೆ ಮಾಡಿಕೊಳ್ಳುತ್ತದೆ. ಕೆಲವು ಮಳೆಗಾಲದಲ್ಲಿ ಅದು ಕೊರಕಲು. ಈ ಸೈಕಲ್ಲಿನ ತವರಾದ ಟಮಾಲ್ಪಾಯಿಸ್ ಬೆಟ್ಟದಲ್ಲಿಯೂ ನಡೆಯುವವರಿಗೂ ಸೈಕಲ್ಲಿನವರಿಗೂ ವ್ಯಾಜ್ಯವೆದ್ದು, ಹೆಚ್ಚಿನ ಕಿರುದಾರಿಗಳು ಸೈಕಲ್ಲಿಗೆ ಮುಚ್ಚಿಹೋದವು. ನಮ್ಮಲ್ಲಿ ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳೊಳಗೆ ಅನುಮತಿಯಿಲ್ಲದೆ ಪ್ರವೇಶಿಸುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಉಲ್ಲಂಘನೆಯೂ ಹೌದು. ಗೇರ್ ಸೈಕಲ್ಲಿಗೆ ಇರುವ ದಾರಿಗಳೇ ಸಾಕು. ಹೊಸ ದಾರಿ ಕೇಳದಿರುವುದೇ ಅದರ ದೊಡ್ಡ ಗುಣ. ಎರಡು ಅಡಿ ಅಗಲದ ಕಾಲುದಾರಿಯೂ ಅದಕ್ಕೆ ರಾಜಮಾರ್ಗ, ಕಾಲುಸಂಕದ ಮೇಲೆ ಹೆಗಲಿಗೇರಿಸಿ ದಾಟಿಸಬಹುದಾದ ವಾಹನ ಅದೊಂದೇ.

ಊರು ಮಾಡಬಹುದಾದ ಕೆಲಸ

ಮಿತ್ರರೇ, ಕೊಳ್ಳುವುದು ಒಬ್ಬನ ಕೆಲಸವಾದರೂ ಕೊಂಡುದನ್ನು ಬಾಳಿಸುವುದು ಊರಿನ ಕೆಲಸ. ನಾಲ್ಕಾರು ಮನೆಯವರು ಒಂದೇ ಮಾದರಿಯನ್ನು ಆರಿಸಿದರೆ ಬಿಡಿಭಾಗಗಳನ್ನು ಒಟ್ಟಿಗೆ ತರಿಸಿಡಬಹುದು. ಅಲೆನ್ ಕೀ, ಪಾನಾ, ಚೈನು ಬಿಚ್ಚುವ ಸಾಧನ, ಗಾಳಿ ಪಂಪು, ತೇಪೆ ಸಾಮಾನು ಇಷ್ಟಿರುವ ಒಂದು ಪೆಟ್ಟಿಗೆಯನ್ನು ಶಾಲೆಯಲ್ಲೋ ಹಾಲಿನ ಡೈರಿಯಲ್ಲೋ ಇಡಬಹುದು. ಮಳೆಗಾಲದಲ್ಲಿ ವಾರಕ್ಕೊಮ್ಮೆ ಚೈನನ್ನು ಒರೆಸಿ ಎಣ್ಣೆ ಬಿಡುವುದನ್ನು ಮಕ್ಕಳಿಗೆ ರೂಢಿ ಮಾಡಿಸಬಹುದು. ಕೊಟ್ಟಿಗೆಯ ಮೂಲೆ ಸೇರಿದ ಸೈಕಲ್ಲುಗಳಲ್ಲಿ ಹೆಚ್ಚಿನವು ಸತ್ತಿರುವುದು ತುಕ್ಕಿನಿಂದ, ಏರಿನಿಂದಲ್ಲ. ಮೂಲೆ ಸೇರಿದವುಗಳನ್ನೂ ಹೊರಗೆಳೆದು ನೋಡಿ. ಚೈನು, ಕೇಬಲ್ಲು, ದೊಡ್ಡ ಹಲ್ಲಿನ ಫ್ರೀವೀಲು ಬದಲಿಸಿದರೆ ಅವುಗಳಲ್ಲಿ ಎಷ್ಟೋ ಮತ್ತೆ ದಾರಿಗೆ ಬರುತ್ತವೆ.

ಪರದೆಯ ಮೇಲಿನ ಗುಂಡಿ ಒತ್ತುವ ಮುನ್ನ ಐದು ಪ್ರಶ್ನೆಗಳನ್ನು ಕಾಗದದ ಮೇಲೆ ಬರೆದಿಡಿ: ನಮ್ಮ ದಾರಿಯ ಏರು ಎಷ್ಟು? ಅತಿ ಸಣ್ಣ ಗೇರಿನ ಹಲ್ಲುಗಳೆಷ್ಟು? ಚೌಕಟ್ಟು ನನ್ನ ಕಾಲಿಗೆ ಹೊಂದುತ್ತದೆಯೇ? ಮಳೆಯಲ್ಲಿ ಬ್ರೇಕು ಹಿಡಿಯುತ್ತದೆಯೇ? ಕೆಟ್ಟರೆ ಯಾರು ಸರಿಪಡಿಸುತ್ತಾರೆ? ಐದಕ್ಕೂ ಉತ್ತರ ಬರೆದ ಮೇಲೆ ಕೊಂಡ ಸೈಕಲ್ಲು ನಮ್ಮ ಏರುದಾರಿಯಲ್ಲಿ ಹತ್ತು ಮಳೆಗಾಲ ಕಂಡೀತು. ಅಂತಹ ಹತ್ತು ಸೈಕಲ್ಲುಗಳು ದಿನವೂ ಓಡಾಡುವ ಊರಿನಲ್ಲಿ ದರೆ ಕಡಿಯುವ ಅರ್ಜಿಗೆ ಸಹಿ ಹಾಕುವ ಕೈಗಳು ಒಂದಿಷ್ಟಾದರೂ ಕಡಿಮೆಯಾದಾವು ಎಂಬ ನಂಬಿಕೆ ನನ್ನದು.